ವಂಡರ್‌ಲಾದಲ್ಲಿ ಬ್ಯಾಗ್ ಕಾಯುವ ಬೆಂಚು

ಬಾಗಿಲ ಚೌಕಟ್ಟಿಗೆ ಪುಟ್ಟಿಯನ್ನು ಒರಗಿಸಿ ನಿಲ್ಲಿಸಿ, ತಲೆಯ ಮೇಲೆ ಸ್ಕೇಲ್ ಇಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದೆ. ಟೇಪ್ ಹಿಡಿದು ನೋಡಿದರೆ 81 ಸೆಂಟಿಮೀಟರ್. "85ರ ಒಳಗೇ ಇದ್ದಾಳೆ. ಇವಳಿಗೆ ಟಿಕೆಟ್ ಇಲ್ಲ!" ಎಂದು ಖುಷಿಯಿಂದ ಕೂಗಿದೆ. ಅಡುಗೆಮನೆಯಿಂದ ಅಮ್ಮನ ದನಿ ಬಂತು: "ಟಿಕೆಟ್ ಇಲ್ಲ ಅಂದ್ರೆ ಏನರ್ಥ? ಆ ಮಗೂಗೆ ಅಲ್ಲಿ ಏನೂ ಇಲ್ಲ ಅಂತ ಅರ್ಥ ಕಣಪ್ಪ."

ಅಮ್ಮ ಮಂಡ್ಯದಿಂದ ಬಂದು ಹದಿನೈದು ದಿನವಾಗಿತ್ತು. ಹತ್ತೊಂಬತ್ತು ತಿಂಗಳ ಮಗುವನ್ನು ಎತ್ತಿಕೊಂಡು ವಂಡರ್‌ಲಾಕ್ಕೆ ಹೋಗುವುದು ಅವರ ಪ್ರಕಾರ ಬುದ್ಧಿ ಇರುವವರು ಮಾಡುವ ಕೆಲಸವಲ್ಲ. "ಬಿಸಿಲು, ಧೂಳು, ಊರವರೆಲ್ಲ ಇಳಿದಿರೋ ನೀರು. ಮಗೂಗೆ ಶೀತ ಆದ್ರೆ ರಾತ್ರಿ ನಿದ್ದೆ ಕೆಡೋರು ಯಾರು?" ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರ ಕೊಡುವ ಮೊದಲು ನಾನು ಹೆಂಡತಿಯ ಮುಖ ನೋಡಿದೆ. ಅವಳು ಏನೂ ಹೇಳಲಿಲ್ಲ. ಆ ಮೌನಕ್ಕೆ ಕಾರಣವಿತ್ತು. ಈ ಪ್ರವಾಸ ಶುರುವಾಗಿದ್ದೇ ನಮ್ಮಿಬ್ಬರ ಒಂದು ಜಗಳದಿಂದ.

ಮೊದಲು ಜಗಳ, ಆಮೇಲೆ ರಜೆ

ನಾವಿಬ್ಬರೂ ಇಂಜಿನಿಯರಿಂಗ್‌ನಲ್ಲಿ ಒಂದೇ ಬ್ಯಾಚು. ಕೊನೆಯ ವರ್ಷ ಕ್ಲಾಸಿನವರೆಲ್ಲ ಬಸ್ ಮಾಡಿಕೊಂಡು ವಂಡರ್‌ಲಾಕ್ಕೆ ಹೋಗಿದ್ದೆವು. ಅಂದು 'ರಿಕಾಯ್ಲ್' ಎಂಬ ರೋಲರ್ ಕೋಸ್ಟರ್‌ನಲ್ಲಿ ಅವಳು ಮೂರು ಸಲ ಕೂತಿದ್ದಳು. ನಾನು ಒಂದೇ ಸಲಕ್ಕೆ ಮುಖ ಬಿಳಿಚಿಕೊಂಡು ನಿಂಬೆ ಸೋಡ ಹುಡುಕುತ್ತಿದ್ದೆ. ಆ ಕತೆಯನ್ನು ನಮ್ಮ ಮದುವೆ ಆರತಕ್ಷತೆಯಲ್ಲೂ ಗೆಳೆಯರು ಹೇಳಿ ನಕ್ಕಿದ್ದರು.

ಆಮೇಲೆ ಕೆಲಸ, ಮದುವೆ, ಪುಟ್ಟಿ. 26 ವಾರದ ಹೆರಿಗೆ ರಜೆ ಮುಗಿಸಿ ಅವಳು ಆಫೀಸಿಗೆ ಹೋಗತೊಡಗಿದಳು. ಒಂದು ಭಾನುವಾರ ರಾತ್ರಿ, ಪುಟ್ಟಿ ಮಲಗಿದ ಮೇಲೆ ಇದ್ದಕ್ಕಿದ್ದಂತೆ ಹೇಳಿದಳು: "ಹತ್ತೊಂಬತ್ತು ತಿಂಗಳಾಯ್ತು, ನಾನು ಬಾತ್‌ರೂಮಿಗೂ ಒಬ್ಬಳೇ ನೆಮ್ಮದಿಯಾಗಿ ಹೋಗಿಲ್ಲ ಕಣೋ."

ನಾನು ಅಂದೆ: "ನಾನು ಹೆಲ್ಪ್ ಮಾಡ್ತೀನಲ್ಲ."

ಅಷ್ಟೇ. ಆ 'ಹೆಲ್ಪ್' ಎಂಬ ಪದ ಮನೆಯಲ್ಲಿ ಎರಡು ದಿನ ಸಿಡಿಯಿತು. "ಹೆಲ್ಪ್ ಅಂದ್ರೆ ಕೆಲಸ ನಂದು, ಪುರುಸೊತ್ತಾದಾಗ ನೀನು ಕೈಜೋಡಿಸ್ತೀಯ ಅಂತ ತಾನೆ?" ಎಂದಳು. ನನಗೆ ಸಿಟ್ಟು ಬಂತು. ಡೈಪರ್ ಬದಲಿಸುತ್ತೇನೆ, ಸ್ನಾನ ಮಾಡಿಸುತ್ತೇನೆ, ರಾತ್ರಿ ಎದ್ದು ಓಡಾಡಿಸುತ್ತೇನೆ, ಇನ್ನೇನು ಬೇಕು ಅನ್ನಿಸಿತು. ಕೊನೆಗೆ ರಾಜಿಗೆಂದು ಕೇಳಿದೆ: "ನಿನಗೇನು ಬೇಕು ಹೇಳು." ಅವಳು ಸ್ವಲ್ಪ ಹೊತ್ತು ಯೋಚಿಸಿ, "ರಿಕಾಯ್ಲ್‌ನಲ್ಲಿ ಕೂತ್ಕೋಬೇಕು. ಒಬ್ಬಳೇ," ಎಂದಳು.

ಹೀಗೆ ಫೆಬ್ರವರಿಯ ಒಂದು ಬುಧವಾರ ಇಬ್ಬರೂ ರಜೆ ಹಾಕಿದೆವು. ಅಮ್ಮ ಮಗುವನ್ನು ತಾವೇ ನೋಡಿಕೊಳ್ಳುತ್ತೇವೆ ಎಂದರು. ಆದರೆ ಪುಟ್ಟಿಯನ್ನು ಬಿಟ್ಟು ಹೋಗಲು ಇಬ್ಬರಿಗೂ ಮನಸ್ಸಿರಲಿಲ್ಲ. ಅವಳಿಗೂ ನೀರು ತೋರಿಸಬೇಕೆಂಬ ಆಸೆ. ಅಮ್ಮ ಕೊನೆಗೆ ಸೋತು ಮಗುವಿನ ಕೆನ್ನೆಗೆ ಕಾಸಗಲದ ದೃಷ್ಟಿ ಬೊಟ್ಟಿಟ್ಟು ಕಳಿಸಿಕೊಟ್ಟರು.

ಮೊದಲು ತಟ್ಟೆ ಇಡ್ಲಿ

ವಂಡರ್‌ಲಾ ಇರುವುದು ಮೈಸೂರು ರಸ್ತೆಯಲ್ಲಿ, ಬೆಂಗಳೂರಿನಿಂದ ಸುಮಾರು 28 ಕಿಲೋಮೀಟರ್ ದೂರ, ಬಿಡದಿಗೆ ಸ್ವಲ್ಪ ಮೊದಲು. ಮೆಟ್ರೊ ನೇರಳೆ ಮಾರ್ಗ ಈಗ ಚಲ್ಲಘಟ್ಟದವರೆಗೆ ಇದೆ, ಅಲ್ಲಿಂದ ಮುಂದೆ ಬಸ್ಸೋ ಆಟೋವೋ ಹಿಡಿಯಬೇಕು. ನಾವು ಕಾರಿನಲ್ಲಿ ಹೊರಟೆವು. ಎಕ್ಸ್‌ಪ್ರೆಸ್‌ವೇ ಮೇಲೆ ಹೋದರೆ ಇಳಿಯುವ ಜಾಗ ತಪ್ಪಿಹೋದೀತೆಂದು ಸರ್ವಿಸ್ ರಸ್ತೆಯಲ್ಲೇ ನಿಧಾನವಾಗಿ ಸಾಗಿದೆವು.

ಪಾರ್ಕ್ ತೆರೆಯುವುದು 11ಕ್ಕೆ. ನಾವು ಒಂಬತ್ತೂವರೆಗೇ ಆ ತಿರುವು ದಾಟಿ ಮುಂದೆ ಬಿಡದಿಗೆ ಹೋದೆವು. ಈ ದಾರಿಯಲ್ಲಿ ಬಂದು ತಟ್ಟೆ ಇಡ್ಲಿ ತಿನ್ನದೆ ಹೋಗುವುದುಂಟೆ? ಅಂಗೈಗಿಂತ ಅಗಲದ ಇಡ್ಲಿ, ಮೇಲೆ ಕರಗುವ ಬೆಣ್ಣೆ, ಪಕ್ಕದಲ್ಲಿ ಚಟ್ನಿ. ಪುಟ್ಟಿ ಬೆಣ್ಣೆಯನ್ನಷ್ಟೇ ಬೆರಳಿನಲ್ಲಿ ನೆಕ್ಕಿ, ಆಮೇಲೆ ಅರ್ಧ ಇಡ್ಲಿಯನ್ನೂ ಮುಗಿಸಿದಳು. ಪುಟ್ಟ ಮಕ್ಕಳಿರುವವರಿಗೆ ಇದು ಒಳ್ಳೆಯ ಉಪಾಯ. ಹೊಟ್ಟೆ ತುಂಬಿದ ಮಗು ಎರಡು ಗಂಟೆ ನಿಶ್ಚಿಂತೆ. ಪಾರ್ಕಿನೊಳಗೆ ಹೊರಗಿನ ತಿಂಡಿ ಒಯ್ಯುವಂತಿಲ್ಲ. ಮಗುವಿನ ಆಹಾರಕ್ಕೆ ವಿನಾಯಿತಿ ಇದೆ. ನಾವು ಒಂದು ಡಬ್ಬಿ ಮೊಸರನ್ನ, ಬಾಳೆಹಣ್ಣು, ರಾಗಿ ಸರಿಯ ಪುಡಿ, ಫ್ಲಾಸ್ಕಿನಲ್ಲಿ ಬಿಸಿನೀರು ಇಟ್ಟುಕೊಂಡಿದ್ದೆವು.

'ನಾವು' ಎಂದೆನಲ್ಲ, ಇಟ್ಟುಕೊಂಡಿದ್ದು ಅವಳು. ಹಿಂದಿನ ರಾತ್ರಿ ಅವಳು ಬ್ಯಾಗ್ ತುಂಬುತ್ತಿದ್ದಾಗ ನಾನು ಆನ್‌ಲೈನ್‌ನಲ್ಲಿ ಟಿಕೆಟ್ ತೆಗೆದು, ನನ್ನ ಪಾಲಿನ ಕೆಲಸ ಮುಗಿಯಿತೆಂದುಕೊಂಡಿದ್ದೆ.

ನಲ್ಲಿ, ಇರುವೆ, ಕ್ಯಾರೊಸೆಲ್

ಬೆಂಗಳೂರಿನ ವಂಡರ್‌ಲಾ ಶುರುವಾಗಿದ್ದು 2005ರಲ್ಲಿ, 82 ಎಕರೆ ಜಾಗದಲ್ಲಿ. ಅದಕ್ಕೂ ಮೊದಲು, 2000ದಲ್ಲಿ, ಕೊಚ್ಚಿಯಲ್ಲಿ 'ವೀಗಾಲ್ಯಾಂಡ್' ಎಂಬ ಹೆಸರಿನಲ್ಲಿ ಮೊದಲ ಪಾರ್ಕ್ ಬಂದಿತ್ತು. ಇವನ್ನು ಕಟ್ಟಿಸಿದ ಕೊಚೌಸೇಫ್ ಚಿಟ್ಟಿಲಪ್ಪಿಳ್ಳಿ ಮೊದಲು ಹೆಸರಾಗಿದ್ದು ವಿ-ಗಾರ್ಡ್ ವೋಲ್ಟೇಜ್ ಸ್ಟೆಬಿಲೈಜರ್‌ಗಳಿಂದ. ಮನೆಮನೆಯ ಟಿವಿ, ಫ್ರಿಜ್ಜುಗಳನ್ನು ಅಲುಗಾಡದಂತೆ ಕಾಪಾಡಿದವರು ಆಮೇಲೆ ಮನುಷ್ಯರನ್ನು ತಲೆಕೆಳಗು ಮಾಡಿ ಅಲುಗಾಡಿಸಲು ಹೊರಟಿದ್ದು ನನಗೆ ಯಾವಾಗಲೂ ತಮಾಷೆ ಅನ್ನಿಸುತ್ತದೆ.

ಪುಟ್ಟಿಗೆ ಈ ಇತಿಹಾಸವೂ ಬೇಡ, ರೈಡುಗಳೂ ಬೇಡ. ಗೇಟು ದಾಟಿದ ಕೂಡಲೇ ಅವಳಿಗೆ ಕಂಡಿದ್ದು ಕುಡಿಯುವ ನೀರಿನ ನಲ್ಲಿ. ಹತ್ತು ನಿಮಿಷ ಅದನ್ನು ಒತ್ತುವುದು, ನೀರು ಬಂದಾಗ ಚಪ್ಪಾಳೆ ತಟ್ಟುವುದು. ಆಮೇಲೆ ಕಾಲುದಾರಿಯ ಅಂಚಿನಲ್ಲಿ ಸಾಲಾಗಿ ಹೋಗುತ್ತಿದ್ದ ಇರುವೆಗಳು. ಅವುಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತು "ಇಬ್ಬೆ, ಇಬ್ಬೆ" ಎನ್ನುತ್ತಾ ಇನ್ನೊಂದು ಹತ್ತು ನಿಮಿಷ. ತಲೆಯ ಮೇಲೆ ಎಲ್ಲೋ ಜನ ಕಿರುಚುತ್ತಿದ್ದರು. ಅವಳು ತಲೆ ಎತ್ತಿಯೂ ನೋಡಲಿಲ್ಲ. ಅಮ್ಮ ಹೇಳಿದ್ದು ಪೂರ್ತಿ ಸುಳ್ಳಲ್ಲ ಅನ್ನಿಸಿತು. ಇರುವೆ ನಮ್ಮ ಅಪಾರ್ಟ್‌ಮೆಂಟಿನಲ್ಲೂ ಇತ್ತು.

ಇಲ್ಲಿ ಎಲ್ಲ ರೈಡಿಗೂ ಎತ್ತರದ ಲೆಕ್ಕವಿದೆ, ವಯಸ್ಸಿನ ಲೆಕ್ಕವಲ್ಲ. ಅದಕ್ಕೆ ಕಾರಣ ಸರಳ. ಸೀಟಿನ ತಡೆಕೋಲು ತೊಡೆಯ ಮೇಲೆ, ಭುಜದ ಮೇಲೆ ಸರಿಯಾಗಿ ಕೂರಬೇಕು. ಪುಟ್ಟ ದೇಹ ಅದರ ಕೆಳಗಿಂದ ಜಾರಿಬಿಡಬಹುದು. ಜೊತೆಗೆ ಈ ವಯಸ್ಸಿನಲ್ಲಿ ಮೈಗೆ ಹೋಲಿಸಿದರೆ ತಲೆ ದೊಡ್ಡದು, ಭಾರ ಜಾಸ್ತಿ, ಕತ್ತಿನ ಸ್ನಾಯುಗಳು ಇನ್ನೂ ಎಳಸು. ಒಂದು ಜರ್ಕ್ ಕೂಡ ನಮಗೆ ಆದಂತೆ ಅವರಿಗೆ ಆಗುವುದಿಲ್ಲ. ಹಾಗಾಗಿ ಗೇಟಿನಲ್ಲಿ ನಿಂತ ಸಿಬ್ಬಂದಿ 'ಇಲ್ಲ' ಎಂದರೆ ವಾದ ಮಾಡಬಾರದು. ನಮ್ಮ ಮುಂದೆಯೇ ಒಬ್ಬ ಅಪ್ಪ, "ಎರಡು ಸೆಂಟಿಮೀಟರ್ ತಾನೇ, ಅಡ್ಜಸ್ಟ್ ಮಾಡಿ" ಎಂದು ಮಗನ ಕ್ರಾಪನ್ನು ಮೇಲಕ್ಕೆ ಬಾಚುತ್ತಿದ್ದರು!

81 ಸೆಂಟಿಮೀಟರಿಗೆ ಸಿಕ್ಕಿದ್ದು ಕ್ಯಾರೊಸೆಲ್. ಅದೂ ದೊಡ್ಡವರು ಜೊತೆಯಲ್ಲಿ ನಿಂತು ಹಿಡಿದುಕೊಳ್ಳಬೇಕು. ಕುದುರೆ ಮೇಲೆ ಕೂರಿಸಿದಾಗ ಪುಟ್ಟಿ ಮೊದಲು ಗಾಬರಿಯಾಗಿ ನನ್ನ ಟೀಶರ್ಟ್ ಹಿಡಿದುಕೊಂಡಳು. ಎರಡನೇ ಸುತ್ತಿಗೆ ಕೈ ಬಿಟ್ಟಳು. ಮೂರನೇ ಸುತ್ತಿಗೆ ಹೊರಗೆ ನಿಂತಿದ್ದ ಅಮ್ಮನಿಗೆ ಟಾಟಾ ಮಾಡಿದಳು. ನಿಂತಮೇಲೆ ಇಳಿಯಲೊಲ್ಲಳು. ಹಾಗೆ ನಾಲ್ಕು ಸಲ.

ನೀರಿಗೆ ಇಳಿದಾಗ

ನೀರಿನ ಕಡೆ ಹೋಗುವ ಮುನ್ನ ಎರಡು ವಿಷಯ. ಹತ್ತಿ ಬಟ್ಟೆಯಲ್ಲಿ ಇಳಿಯುವಂತಿಲ್ಲ, ನೈಲಾನ್ ಥರದ ಸಿಂಥೆಟಿಕ್ ಬಟ್ಟೆಯೇ ಬೇಕು. ಎರಡನೆಯದು, ಮಾಮೂಲಿ ಡೈಪರ್ ಹಾಕಿಕೊಂಡು ನೀರಿಗೆ ಇಳಿಸಬೇಡಿ. ಅದರೊಳಗಿನ ಪಾಲಿಮರ್ ಪುಡಿಯ ಕೆಲಸವೇ ನೀರು ಹೀರುವುದು. ಕೊಳಕ್ಕೆ ಇಳಿದರೆ ಅದು ಮೂತ್ರ ಯಾವುದು, ಕೊಳದ ನೀರು ಯಾವುದು ಎಂದು ನೋಡುವುದಿಲ್ಲ. ಐದು ನಿಮಿಷಕ್ಕೆ ಮಗುವಿನ ಸೊಂಟದಲ್ಲಿ ಕುಂಬಳಕಾಯಿ. ಈಜುವಾಗ ಹಾಕುವ ಡೈಪರ್ ಬೇರೆಯೇ ಸಿಗುತ್ತದೆ. ಅದು ಮಲವನ್ನು ಮಾತ್ರ ತಡೆಯುತ್ತದೆ, ಮೂತ್ರವನ್ನಲ್ಲ. ನೀರಿಗೆ ಇಳಿಯುವ ಸ್ವಲ್ಪ ಮೊದಲಷ್ಟೇ ಹಾಕಬೇಕು. ಇದನ್ನೆಲ್ಲ ನನಗೆ ಹೇಳಿದ್ದು ಹೆಂಡತಿ, ಬಟ್ಟೆ ಬದಲಿಸುವ ಕೋಣೆಯ ಬಾಗಿಲಲ್ಲಿ.

ಮಕ್ಕಳ ಕೊಳದಲ್ಲಿ ಪಾದ ಮುಳುಗುವಷ್ಟು ನೀರು. ಪುಟ್ಟಿ ಧಪ್ ಎಂದು ಕೂತು, ಎರಡೂ ಕೈಯಿಂದ ನೀರು ಬಡಿದು, ತನ್ನ ಮುಖಕ್ಕೇ ಎರಚಿಕೊಂಡು, ಬೆಚ್ಚಿ, ಮತ್ತೆ ನಕ್ಕು ಮತ್ತೆ ಬಡಿದಳು. ಅಷ್ಟು ಹೊತ್ತು ನಾವಿಬ್ಬರೂ ಜಗಳ ಮರೆತಿದ್ದೆವು. ಅವಳ ನಗು ನೋಡಿ ಆಸೆ ಹೆಚ್ಚಾಗಿ ವೇವ್ ಪೂಲ್ ಅಂಚಿಗೂ ಕರೆದುಕೊಂಡು ಹೋದೆವು. ನಾನು ಎತ್ತಿಕೊಂಡೇ ನಿಂತಿದ್ದೆ. ಅಲೆ ಬಂದಾಗ ಪುಟ್ಟಿ ಉಸಿರು ಬಿಗಿಹಿಡಿದು, ಹೋದಮೇಲೆ "ಆನ್ನೂ" ಎನ್ನುತ್ತಿದ್ದಳು. ಇನ್ನೂ ಬೇಕು ಎಂದರ್ಥ.

ನಮ್ಮ ತಪ್ಪು ಆಗಿದ್ದು ಅಲ್ಲೇ. ಅವಳು 'ಆನ್ನೂ' ಅಂದಷ್ಟು ಹೊತ್ತೂ ನಾವು ನಿಂತೆವು. ಗಾಳಿಗಿಂತ ನೀರು ಸುಮಾರು 25 ಪಟ್ಟು ಬೇಗ ಮೈಯ ಶಾಖ ಎಳೆಯುತ್ತದೆ. ಮಕ್ಕಳಿಗೆ ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ಜಾಸ್ತಿ, ಹಾಗಾಗಿ ಬೇಗ ತಣ್ಣಗಾಗುತ್ತಾರೆ. ನನಗೆ ಹಾಯೆನಿಸುತ್ತಿದ್ದ ನೀರಿನಲ್ಲಿ ಅವಳ ತುಟಿ ಬಣ್ಣ ಕಳೆದುಕೊಂಡಿತ್ತು, ಗದ್ದ ಅದುರುತ್ತಿತ್ತು. ನೋಡಿದ್ದು ಹೆಂಡತಿ. ಕಿತ್ತುಕೊಂಡಂತೆ ಮಗುವನ್ನು ನನ್ನ ತೋಳಿನಿಂದ ತೆಗೆದುಕೊಂಡು, ಒದ್ದೆ ಬಟ್ಟೆ ಕಳಚಿ, ಟವೆಲಿನಲ್ಲಿ ಸುತ್ತಿ ಎದೆಗವುಚಿಕೊಂಡು ಬಿಸಿಲಲ್ಲಿ ಕೂತಳು. ಹತ್ತು ನಿಮಿಷಕ್ಕೆ ಎಲ್ಲ ಸರಿಹೋಯಿತು. ಅಮ್ಮನ ಮಾತು ಮಾತ್ರ ಕಿವಿಯಲ್ಲಿ ಗುಂಯ್‌ಗುಟ್ಟುತ್ತಿತ್ತು.

ಒಂದೂ ಕಾಲು ಗಂಟೆ

ಸರದಿಯಲ್ಲಿ ಹೋಗೋಣ ಎಂದು ಮಾತಾಗಿತ್ತು. ಒಬ್ಬರು ಮಗುವಿನ ಜೊತೆ, ಒಬ್ಬರು ರೈಡಿಗೆ. ರಿಕಾಯ್ಲ್ ಹತ್ತಿರ ನೆರಳಿದ್ದ ಒಂದು ಬೆಂಚು ಹಿಡಿದೆವು. "ನಾನು ಒಂದು ರೌಂಡ್ ಹೋಗಿ ಬಂದ್ಬಿಡ್ಲಾ?" ಎಂದೆ. ಅವಳು ಹೂಂ ಎಂದಳು. ಯಾರ ಆಸೆಗಾಗಿ ಬಂದೆವೋ ಅವಳನ್ನೇ ಕೂರಿಸಿ ಮೊದಲು ನಾನೇ ಎದ್ದು ಹೋದೆ ಎಂಬುದು ನನಗೆ ಆಗ ಹೊಳೆಯಲೇ ಇಲ್ಲ.

ಇಪ್ಪತ್ತೈದು ನಿಮಿಷ ಕ್ಯೂ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ರೈಡ್. ಮುಂದಕ್ಕೆ ಎಸೆದು, ತಲೆಕೆಳಗು ಮಾಡಿ ಸುತ್ತಿಸಿ, ಕೊನೆಗೆ ಅದೇ ಹಳಿಯ ಮೇಲೆ ಹಿಮ್ಮುಖವಾಗಿ ಮತ್ತೆ ಅಷ್ಟನ್ನೂ ಸುತ್ತಿಸಿ ತಂದು ನಿಲ್ಲಿಸುತ್ತದೆ. ಈ ಸಲವೂ ನನಗೆ ನಿಂಬೆ ಸೋಡವೇ ಗತಿ. ವಾಪಸ್ಸು ಬಂದಾಗ ಪುಟ್ಟಿ ಬೇರೆ ಬಟ್ಟೆ ತೊಟ್ಟು, ಬಾಯಿ ಒರೆಸಿಕೊಂಡು, ಮೊಸರನ್ನದ ಡಬ್ಬಿಯ ಮುಚ್ಚಳದ ಜೊತೆ ಆಡುತ್ತಿದ್ದಳು. ಅಷ್ಟು ಹೊತ್ತಿನಲ್ಲಿ ಅಲ್ಲಿ ಏನೇನು ಕೆಲಸ ನಡೆದಿತ್ತೆಂದು ನನಗೆ ಕಾಣಲಿಲ್ಲ. ಎಲ್ಲ ಮುಗಿದಿತ್ತಲ್ಲ!

"ಈಗ ನೀನು ಹೋಗು, ಆರಾಮಾಗಿ ಬಾ" ಎಂದೆ. ಅವಳು ಹೋದಳು. ಹೋದ ಐದು ನಿಮಿಷಕ್ಕೆ ಪುಟ್ಟಿಗೆ ಅಮ್ಮ ಇಲ್ಲದ್ದು ಗೊತ್ತಾಯಿತು.

ಮೊದಲು ಕರೆದಳು. ಆಮೇಲೆ ಹುಡುಕಿದಳು. ಆಮೇಲೆ ಮುಖ ಸೊಟ್ಟಗಾಗಿ ಅಳು ಶುರುವಾಯಿತು. ನಾನು ಎತ್ತಿಕೊಂಡು ಓಡಾಡಿಸಿದೆ, ಹಾಡಿದೆ, ಇರುವೆ ತೋರಿಸಿದೆ. ಇರುವೆಗೂ ಬಗ್ಗಲಿಲ್ಲ. ಬಾಳೆಹಣ್ಣು ಕೊಟ್ಟೆ, ನನ್ನ ಟೀಶರ್ಟಿಗೆ ಒರೆಸಿದಳು. ಅಷ್ಟರಲ್ಲಿ ವಾಸನೆ ಬಂತು. ಡೈಪರ್! ಬ್ಯಾಗಿಗೆ ಐದು ಜಿಪ್ಪು. ಮೊದಲನೆಯದರಲ್ಲಿ ಫ್ಲಾಸ್ಕು, ಎರಡನೆಯದರಲ್ಲಿ ಟೋಪಿ, ಮೂರನೆಯದರಲ್ಲಿ ಔಷಧಿ ಪಟ್ಟಿ, ಥರ್ಮಾಮೀಟರು. ಮಗು ಒಂದು ಕೈಯಲ್ಲಿ ಕೊಸರಾಡುತ್ತಿದೆ, ಇನ್ನೊಂದು ಕೈಯಲ್ಲಿ ನಾನು ಒಂದೊಂದೇ ಜಿಪ್ಪು ಎಳೆಯುತ್ತಿದ್ದೇನೆ. ಅಭ್ಯಾಸಬಲದಿಂದ ಫೋನಿಗಾಗಿ ಜೇಬು ತಡಕಿದೆ. ಅವಳನ್ನು ಕೇಳಿದರಾಯಿತಲ್ಲ! ಆದರೆ ಇಬ್ಬರ ಫೋನೂ ಲಾಕರ್‌ನಲ್ಲಿ. ಲಾಕರ್ ಕೀ ಅವಳ ಮಣಿಕಟ್ಟಿನಲ್ಲಿ. ಅವಳು ಕ್ಯೂನಲ್ಲಿ.

ಮನೆಯಲ್ಲಿ ನಾನು ಎಷ್ಟೋ ಸಲ ಡೈಪರ್ ಬದಲಿಸಿದ್ದೇನೆ ಎಂದೆನಲ್ಲ, ಅದು ನಿಜ. ಆದರೆ ಪ್ರತಿ ಸಲವೂ "ವೈಪ್ಸ್ ಎಲ್ಲಿದೆ?" ಎಂದು ಕೂಗಿ ಕೇಳಿಯೇ ಬದಲಿಸಿದ್ದೆ. ಪಕ್ಕದ ಕೋಣೆಯಿಂದ ಉತ್ತರ ಬರುತ್ತಿತ್ತು. ಈಗ ಪಕ್ಕದ ಕೋಣೆಯೇ ಇರಲಿಲ್ಲ.

"ಯಾಕ್ ಅಳಾಕತ್ತೈತ್ರೀ ಕೂಸು?"

ಬೆಂಚಿನ ಇನ್ನೊಂದು ತುದಿಯಲ್ಲಿ ಒಬ್ಬ ಅಜ್ಜಿ. ಇಳಕಲ್ ಸೀರೆ, ಹಣೆ ತುಂಬ ಕುಂಕುಮ. ಸುತ್ತಲೂ ಏಳೆಂಟು ಬ್ಯಾಗು, ರಾಶಿ ಚಪ್ಪಲಿ. ಅರ್ಧ ಗಂಟೆಯಿಂದ ಅವರು ಅಲ್ಲೇ ಇದ್ದಿರಬೇಕು, ನಾನು ನೋಡಿರಲಿಲ್ಲ. "ತಾಯಿ ಎಲ್ಲಿ ಹೋಗ್ಯಾಳ?"

"ಅದೇ, ಆ ರೈಡಿಗೆ…" ಎಂದು ತಪ್ಪು ಮಾಡಿದವನಂತೆ ತೋರಿಸಿದೆ. ಬೈಯುತ್ತಾರೆ ಎಂದುಕೊಂಡೆ.

"ಹೋಗ್ಲಿ ಬಿಡ್ರಿ, ಬರ್ತಾಳ. ಮೊದ್ಲ ಕೂಸಿಂದ ಸ್ವಚ್ಛ ಮಾಡ್ರಿ." ಬೆಂಚಿನ ಮೇಲೆ ತಮ್ಮದೊಂದು ಟವೆಲ್ ಹಾಸಿದರು. ನಾಲ್ಕನೇ ಜಿಪ್ಪಿನಲ್ಲಿ ಡೈಪರ್, ವೈಪ್ಸ್ ಎರಡೂ ಸಿಕ್ಕವು. ಕೆಲಸ ಮುಗಿದರೂ ಅಳು ನಿಲ್ಲಲಿಲ್ಲ. ಅಜ್ಜಿ ಒಂದು ಕ್ಷಣ ನೋಡಿ ಹೇಳಿದರು: "ಹಸಿವಲ್ಲ ಇದು, ನಿದ್ದಿ ಬಂದೈತಿ. ಕಣ್ಣ ತಿಕ್ಕಾಕತ್ತೈತಿ ನೋಡ್ರಿ. ಮಲಗೂವಾಗ ಏನರ ಹಿಡ್ಕೋತೈತೇನು ಕೈಯಾಗ?"

ಐದನೇ ಜಿಪ್ಪು ತೆಗೆದೆ. ಮಡಿಚಿಟ್ಟ ಒಂದು ಹಳೇ ಹತ್ತಿ ಸೀರೆಯ ತುಂಡು. ನೀಲಿ ಬಣ್ಣ, ತೊಳೆದೂ ತೊಳೆದೂ ಮಾಸಿದ್ದು. ಇದನ್ನು ನಾನು ಮನೆಯಲ್ಲಿ ನೋಡಿದ್ದೆ. ಒಣಹಾಕಿದ ಬಟ್ಟೆಗಳ ಮಧ್ಯೆ ನೇತಾಡುತ್ತಿರುತ್ತಿತ್ತು. ಒರೆಸುವ ಬಟ್ಟೆ ಎಂದುಕೊಂಡಿದ್ದೆ. ಒಂದು ಸಲ ಇದರಲ್ಲೇ ಲ್ಯಾಪ್‌ಟಾಪ್ ಪರದೆ ಒರೆಸಿದ್ದೆ. ಅದನ್ನು ನೋಡಿದ್ದೇ ತಡ, ಪುಟ್ಟಿ ಕೈಚಾಚಿ ಕಸಿದುಕೊಂಡು, ಮೂಗಿಗೆ ಒತ್ತಿಕೊಂಡು, ತಲೆ ನನ್ನ ಭುಜಕ್ಕೆ ಒರಗಿಸಿದಳು. ಎರಡು ಬಿಕ್ಕು. ಮೂರನೆಯದಕ್ಕೆ ನಿದ್ದೆ.

ಹತ್ತೊಂಬತ್ತು ತಿಂಗಳಿಂದ ನನ್ನ ಮಗಳು ದಿನಾ ಏನನ್ನು ಹಿಡಿದುಕೊಂಡು ಮಲಗುತ್ತಾಳೆ ಎಂಬುದು ನನಗೆ ಗೊತ್ತಿರಲಿಲ್ಲ.

ಇನ್ನೊಂದು ಪಾರ್ಕು

ಮಗು ಎದೆಯ ಮೇಲೆ ಮಲಗಿದರೆ ಏಳುವಂತಿಲ್ಲ, ಅಲ್ಲಾಡುವಂತಿಲ್ಲ. ಕೂತು ನೋಡುವುದೊಂದೇ ಕೆಲಸ. ಆಗ ಕಣ್ಣಿಗೆ ಬಿದ್ದಿದ್ದು ಇನ್ನೊಂದು ವಂಡರ್‌ಲಾ. ಪ್ರತಿ ದೊಡ್ಡ ರೈಡಿನ ಮುಂದೆ ಒಂದು ಬೆಂಚು, ಬೆಂಚಿನ ಮೇಲೆ ಒಬ್ಬರೋ ಇಬ್ಬರೋ. ಕಾಲು ಊದಿದ ಗರ್ಭಿಣಿ. ತೊಡೆಯ ಮೇಲೆ ನಾಲ್ಕು ಹೆಲ್ಮೆಟ್ ಇಟ್ಟುಕೊಂಡ ಅತ್ತೆ. ಸೆರಗಿನ ಮರೆಯಲ್ಲಿ ಹಾಲೂಡಿಸುತ್ತಿದ್ದ ತಾಯಿ. ಎಲ್ಲರ ಸುತ್ತ ಬೇರೆಯವರ ಬ್ಯಾಗು, ಬೇರೆಯವರ ಚಪ್ಪಲಿ, ಬೇರೆಯವರ ಕನ್ನಡಕ. ಕಾಲೇಜಿನಲ್ಲಿ ಬಂದಾಗಲೂ ಇವರೆಲ್ಲ ಇಲ್ಲೇ ಇದ್ದಿರಬೇಕು. ಅಂದು ನನ್ನ ಕಣ್ಣು ಮೇಲಿತ್ತು.

ಅಜ್ಜಿಯನ್ನು ಮಾತಾಡಿಸಿದೆ. ಹಾವೇರಿ ಕಡೆಯವರು, ಬೆಂಗಳೂರಿಗೆ ಮೊಮ್ಮಗನ ಮದುವೆಗೆ ಬಂದವರು. ಮದುವೆ ಮುಗಿಸಿ ಹನ್ನೊಂದು ಜನ ಇಲ್ಲಿಗೆ ಬಂದಿದ್ದಾರೆ. "ನೀವು ಯಾವುದಾದ್ರೂ ಆಡಿದ್ರಾ ಅಜ್ಜಿ?" ಎಂದು ಕೇಳಿದೆ.

"ನಂದೂ ಟಿಕೀಟ್ ತಗದಾರ್ರೀ," ಎಂದರು ನಗುತ್ತಾ. "ಬ್ಯಾಗ್ ಕಾಯಾಕ ಯಾರರ ಬೇಕಲ್ಲ?"

ಥೀಮ್ ಪಾರ್ಕುಗಳ ಕತೆಯಲ್ಲಿ ಒಂದು ಪ್ರಸಿದ್ಧ ಬೆಂಚು ಇದೆ. ವಾಲ್ಟ್ ಡಿಸ್ನಿ ತಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಲಾಸ್ ಏಂಜಲಿಸ್‌ನ ಗ್ರಿಫಿತ್ ಪಾರ್ಕಿಗೆ ಕರೆದುಕೊಂಡು ಹೋಗುತ್ತಿದ್ದರಂತೆ. ಮಕ್ಕಳು ಕ್ಯಾರೊಸೆಲ್‌ನಲ್ಲಿ ಸುತ್ತುವಾಗ ಅವರು ಬೆಂಚಿನ ಮೇಲೆ ಕಡಲೆಕಾಯಿ ತಿನ್ನುತ್ತಾ ಕೂತಿರುತ್ತಿದ್ದರು. ಮಕ್ಕಳೂ ದೊಡ್ಡವರೂ ಒಟ್ಟಿಗೆ ಖುಷಿಪಡುವ ಜಾಗವೊಂದು ಇರಬೇಕು ಎಂಬ ಯೋಚನೆ ಬಂದಿದ್ದು ಅಲ್ಲೇ ಎಂದು ಅವರೇ ಹೇಳಿಕೊಂಡಿದ್ದಾರೆ. 1955ರ ಜುಲೈ 17ರಂದು ಡಿಸ್ನಿಲ್ಯಾಂಡ್ ತೆರೆಯಿತು. ಬೆಂಚಿನಲ್ಲಿ ಬೇಸರದಿಂದ ಕೂತ ಒಬ್ಬ ಅಪ್ಪನಿಂದ ಜಗತ್ತಿನ ಥೀಮ್ ಪಾರ್ಕುಗಳಿಗೆಲ್ಲ ಒಂದು ಮಾದರಿ ಸಿಕ್ಕಿತು. ಆದರೆ ಬೆಂಚು ಹೋಗಲಿಲ್ಲ. ಅದರ ಮೇಲೆ ಕೂರುವವರು ಯಾರು ಎಂಬುದನ್ನು ಪ್ರತಿ ಮನೆಯವರೂ ಮನೆಯಿಂದ ಹೊರಡುವಾಗಲೇ, ಮಾತೇ ಆಡದೆ, ತೀರ್ಮಾನ ಮಾಡಿಕೊಂಡು ಬಂದಿರುತ್ತಾರೆ.

ಒಂದೂ ಕಾಲು ಗಂಟೆಯ ಮೇಲೆ ಹೆಂಡತಿ ಬಂದಳು. ಕೂದಲು ಕೆದರಿತ್ತು, ಗಂಟಲು ಕೂತಿತ್ತು. "ಅಷ್ಟೊಂದು ಕ್ಯೂ ಇತ್ತಾ?" ಎಂದು ಮೆಲ್ಲಗೆ ಕೇಳಿದೆ.

"ಇಲ್ಲ. ರೈಡ್ ಬೇಗ ಮುಗೀತು." ಸ್ವಲ್ಪ ತಡೆದು ಹೇಳಿದಳು: "ಲಾಕರ್‌ಗೆ ಹೋಗಿ ಪರ್ಸ್ ತಗೊಂಡೆ. ಫೋನ್ ಕಾಣಿಸ್ತು, ಮುಟ್ಟಲಿಲ್ಲ. ಒಂದು ಕಾಫಿ ತಗೊಂಡು ಸುಮ್ನೆ ಕೂತಿದ್ದೆ. ಬಿಸಿ ಇರೋವಾಗ್ಲೇ ಕುಡಿದು ಮುಗಿಸಿದೆ ಕಣೋ." ಆಮೇಲೆ ಗಾಬರಿಯಿಂದ, "ಅತ್ತಳಾ?" ಎಂದಳು.

"ಅತ್ತಳು. ಆ ನೀಲಿ ಬಟ್ಟೆ ಕೊಟ್ಟೆ, ಮಲಗಿದಳು."

ಅವಳು ನನ್ನ ಮುಖವನ್ನೇ ನೋಡಿದಳು. "ಅದು ನನ್ನ ಅಜ್ಜಿ ಸೀರೆ," ಎಂದಳು. ಇಷ್ಟು ದಿನ ನಾನು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ. ಲ್ಯಾಪ್‌ಟಾಪಿನ ವಿಷಯ ನಾನು ಈಗಲೂ ಹೇಳಿಲ್ಲ. ಈ ಅಂಕಣ ಓದಿದ ಮೇಲೆ ಗೊತ್ತಾಗುತ್ತದೆ.

ಪುಟ್ಟಿ ಎದ್ದಮೇಲೆ ಹೆಂಡತಿಯೇ ಅಜ್ಜಿಯನ್ನು ಕರೆದಳು: "ಬನ್ನಿ ಅಜ್ಜಿ, ಮಗು ಜೊತೆ ಕುದುರೆ ಗಾಡಿ ನೋಡ್ಕೊಂಡು ಬರೋಣ." ಅಜ್ಜಿ "ಏ ಬ್ಯಾಡ ಬಿಡವ್ವಾ, ನನಗ್ಯಾಕ" ಎಂದರು. ಕಣ್ಣು ಬ್ಯಾಗಿನ ರಾಶಿಯ ಮೇಲಿತ್ತು. "ಬ್ಯಾಗು ನಾನು ನೋಡ್ಕೋತೀನಿ" ಎಂದೆ. ಇನ್ನೂ ಸ್ವಲ್ಪ ಹೊತ್ತು ಬ್ಯಾಡ ಬ್ಯಾಡ ಎನ್ನುತ್ತಲೇ ಎದ್ದು ನಿಂತು ಸೆರಗು ಸಿಕ್ಕಿಸಿಕೊಂಡರು.

ಮೂವರೂ ಹೋದರು. ನಾನು ಏಳು ಬ್ಯಾಗು, ಹನ್ನೊಂದು ಜೊತೆ ಚಪ್ಪಲಿ, ನಮ್ಮ ಐದು ಜಿಪ್ಪಿನ ಬ್ಯಾಗು ಕಾಯುತ್ತಾ ಕೂತೆ. ದೂರದಿಂದ ಕ್ಯಾರೊಸೆಲ್ ಕಾಣುತ್ತಿತ್ತು. ಅಜ್ಜಿ ಪುಟ್ಟಿಯ ಕುದುರೆಯ ಪಕ್ಕ ಕಂಬ ಹಿಡಿದು ನಿಂತಿದ್ದರು. ಮೊದಲ ಸುತ್ತಿನಲ್ಲಿ ಮುಖ ಬಿಗಿದಿತ್ತು. ಮೂರನೇ ಸುತ್ತಿಗೆ ನನ್ನ ಕಡೆ ತಿರುಗಿ ಟಾಟಾ ಮಾಡಿದರು. ಥೇಟ್ ಪುಟ್ಟಿಯ ಹಾಗೆಯೇ.

ಹೋಗುವವರಿಗೆ ನಾಲ್ಕು ಮಾತು

ವಾರದ ನಡುವೆ ಹೋಗಿ, ಶಾಲಾ ರಜೆ ಬಿಟ್ಟು. ನಡೆಯಲು ಬೇಕಾದಷ್ಟಿದೆ, ಹಾಗಾಗಿ ಸ್ಟ್ರೋಲರ್ ಅಥವಾ ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರ್ ಇರಲಿ. ನೀರಿನಲ್ಲಿ ಮಗು 'ಇನ್ನೂ' ಎನ್ನುವಾಗಲೇ ಎತ್ತಿಕೊಂಡು ಬನ್ನಿ, ತುಟಿ ಅದುರುವವರೆಗೆ ಕಾಯಬೇಡಿ. ಮಧ್ಯಾಹ್ನದ ನಿದ್ದೆಯ ಹೊತ್ತಿಗೆ ನೆರಳಿನ ಬೆಂಚೊಂದನ್ನು ಮೊದಲೇ ನೋಡಿಟ್ಟುಕೊಳ್ಳಿ. ಎರಡು ವರ್ಷದೊಳಗಿನ ಮಗುವಿಗೆ ಇಡೀ ದಿನ ಬೇಡ, ನಾಲ್ಕು ಗಂಟೆ ಧಾರಾಳ ಸಾಕು. ಟಿಕೆಟ್ ದುಡ್ಡು ವಸೂಲಿ ಮಾಡುವ ಯೋಚನೆ ಗೇಟಿನಲ್ಲೇ ಬಿಡಿ.

ಇನ್ನೊಂದು ಮಾತು, ಅಪ್ಪಂದಿರಿಗೆ. ಹಿಂದಿನ ರಾತ್ರಿ ಬ್ಯಾಗ್ ನೀವೇ ತುಂಬಿ. ಯಾವ ಜಿಪ್ಪಿನಲ್ಲಿ ಏನಿದೆ ಎಂದು ನಿಮಗೇ ಗೊತ್ತಿರುತ್ತದೆ.

ವಾಪಸ್ಸು ಬರುವಾಗ ಕೆಂಗೇರಿ ಹತ್ತಿರ ಟ್ರಾಫಿಕ್ ನಿಂತಿತ್ತು. ಹಿಂದಿನ ಸೀಟಿನಲ್ಲಿ ಇಬ್ಬರೂ ನಿದ್ದೆ ಹೋಗಿದ್ದರು. ಮನೆಗೆ ಬಂದಾಗ ಅಮ್ಮ ಮೊದಲು ಮಗುವಿನ ಹಣೆ ಮುಟ್ಟಿ ನೋಡಿದರು. ಜ್ವರವಿರಲಿಲ್ಲ. ಆದರೂ ರಾತ್ರಿ ಎರಡು ಗಂಟೆಗೆ ಪುಟ್ಟಿಗೆ ಮೂಗು ಕಟ್ಟಿ ಎಚ್ಚರವಾಯಿತು. ಹೆಂಡತಿ ಏಳಲು ಹೋದಳು. "ನೀನು ಮಲಕ್ಕೋ" ಎಂದು ಎದ್ದೆ. ಮೂಗಿನ ಡ್ರಾಪ್ಸ್ ಎಲ್ಲಿದೆ ಎಂದು ಕೂಗಲು ಬಾಯಿ ತೆರೆದವನು, ಹಾಗೇ ಮುಚ್ಚಿಕೊಂಡೆ.

ಮೂರನೇ ಜಿಪ್ಪು. ಥರ್ಮಾಮೀಟರ್ ಪಕ್ಕ.